ಓದುಗರ ಪ್ರಶ್ನೆ – ನಮ್ಮ ಉತ್ತರ: ಪುರಾತನ ಸ್ಮಾರಕಗಳು ನಿಂತದ್ದು ಹೇಗೆ, ಕೆಡುವುದು ಯಾಕೆ?

ಜಗತ್ತಿನ ಪುರಾತನ ಸ್ಮಾರಕಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಯಾರು ಕಟ್ಟಿಸಿದರು, ಯಾವ ಇಸವಿ ಎಂಬ ಮಾಹಿತಿ ಎಲ್ಲ ಕಡೆ ಸಿಗುತ್ತದೆ. ಹಾಗಾಗಿ ಹೇಗೆ ಕಟ್ಟಿದರು, ಯಾವುದರಿಂದ ಹಾಳಾಗುತ್ತಿದೆ, ದುರಸ್ತಿಗೆ ಕೈಹಾಕಿದವರು ಎಲ್ಲಿ ಎಡವಿದರು ಎಂದು ಕೇಳಿದವರಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಕ್ರೇನ್ ಇರಲಿಲ್ಲ, ಕಬ್ಬಿಣದ ಹತ್ಯಾರವೂ ಇರಲಿಲ್ಲ. ಗೀಜಾದ ದೊಡ್ಡ ಪಿರಮಿಡ್ಡಿಗೆ ಕಲ್ಲು ಸಾಗಿಸಿ ಮೇಲೇರಿಸಿದ್ದು ಹೇಗೆ? ಗುಲಾಮರಿಂದ ಕಟ್ಟಿಸಿದರು ಎನ್ನುವುದು ನಿಜವೇ?

ಮೊದಲು ಲೆಕ್ಕ ನೋಡೋಣ. ಕ್ರಿ.ಪೂ. 2560ರ ಸುಮಾರಿಗೆ ಖುಫು ಎಂಬ ಅರಸನಿಗಾಗಿ ಕಟ್ಟಿದ ಈ ಪಿರಮಿಡ್ಡಿನಲ್ಲಿ ಸುಮಾರು 23 ಲಕ್ಷ ಕಲ್ಲುಗಳಿವೆ. ತಳದ ಒಂದೊಂದು ಬದಿ ಸುಮಾರು 230 ಮೀಟರ್. ಮೂಲ ಎತ್ತರ 146 ಮೀಟರಿಗಿಂತ ತುಸು ಹೆಚ್ಚು. ಇಷ್ಟು ದೊಡ್ಡ ತಳದ ಮಟ್ಟದಲ್ಲಿ ಒಂದು ಮೂಲೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಎರಡು ಸೆಂಟಿಮೀಟರ್ ಆಸುಪಾಸು ಅಷ್ಟೆ.

ಒಳಗಿನ ಕಲ್ಲೆಲ್ಲ ದೂರದಿಂದ ಬಂದದ್ದಲ್ಲ. ಹೆಚ್ಚಿನದು ಅಲ್ಲೇ ಪಕ್ಕದ ಗಣಿಯ ಸುಣ್ಣಕಲ್ಲು. ಅದು ಮೆದು, ತಾಮ್ರದ ಉಳಿಗೆ ಬಗ್ಗುತ್ತದೆ. ಉಳಿಯ ಬಾಯಿ ಬೇಗ ಮೊಂಡಾಗುವುದರಿಂದ ಹತ್ಯಾರ ಹರಿತ ಮಾಡುವುದಕ್ಕೆಂದೇ ಜನ ಬೇಕಾಗುತ್ತಿತ್ತು. ಹೊರಮೈಗೆ ಹೊದಿಸಿದ ಬಿಳಿಯ ನಯಗಲ್ಲು ನೈಲ್ ನದಿಯ ಆಚೆ ದಡದ ತುರಾದಿಂದ ಬಂತು. ಅರಸನ ಕೋಣೆಯ ಚಾವಣಿಯ ಗ್ರಾನೈಟ್ ತೊಲೆಗಳು ಸುಮಾರು 800 ಕಿ.ಮೀ. ದೂರದ ಆಸ್ವಾನಿನವು, ಅವುಗಳಲ್ಲಿ ಕೆಲವು ಹತ್ತಾರು ಟನ್ ತೂಗುತ್ತವೆ. ಗ್ರಾನೈಟಿನ ಮೇಲೆ ತಾಮ್ರದ ಉಳಿ ನಡೆಯುವುದಿಲ್ಲ. ಅದಕ್ಕಿಂತ ಗಟ್ಟಿಯಾದ ಡಾಲೆರೈಟ್ ಗುಂಡುಗಳಿಂದ ಜಜ್ಜಿ ಜಜ್ಜಿ ಪುಡಿ ಉದುರಿಸಬೇಕು, ಇಲ್ಲವೇ ಹಲ್ಲಿಲ್ಲದ ತಾಮ್ರದ ಗರಗಸದ ಕೆಳಗೆ ಮರಳು ಹಾಕಿ ಉಜ್ಜಬೇಕು. ಆಗ ಕೊಯ್ಯುವುದು ತಾಮ್ರವಲ್ಲ, ಮರಳಿನ ಕಣ. ಈ ಕೆಲಸದ ಅಪಾಯವನ್ನು ಆಸ್ವಾನಿನ ಗಣಿಯಲ್ಲೇ ಕಾಣಬಹುದು: ಸುಮಾರು 42 ಮೀಟರ್ ಉದ್ದದ, ಸಾವಿರ ಟನ್ನಿಗೂ ಮಿಕ್ಕ ಒಂದು ಸ್ತಂಭವನ್ನು ಬಂಡೆಯಿಂದ ಬಿಡಿಸುತ್ತಿರುವಾಗಲೇ ಬಿರುಕು ಕಾಣಿಸಿಕೊಂಡು, ಅದನ್ನು ಹಾಗೆಯೇ ಬಿಟ್ಟುಹೋಗಿದ್ದಾರೆ.

ಸಾಗಾಟಕ್ಕೆ ಎರಡು ದಾರಿ, ನೀರು ಮತ್ತು ಜಾರುಬಂಡಿ. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್ ಜರ್ಫ್‌ನಲ್ಲಿ ಸಿಕ್ಕ ಪಪೈರಸ್ ಸುರುಳಿಗಳಲ್ಲಿ ಮೆರೆರ್ ಎಂಬ ಮೇಸ್ತ್ರಿಯ ದಿನಚರಿ ಇದೆ. ತುರಾದಲ್ಲಿ ಕಲ್ಲು ತುಂಬಿಕೊಂಡು ದೋಣಿಯಲ್ಲಿ ಗೀಜಾಕ್ಕೆ ಹೋಗಿ ಬಂದ ವಿವರ ಅದರಲ್ಲಿ ದಿನವಾರು ಬರೆದಿದೆ. ಪಿರಮಿಡ್ ಕಟ್ಟುವಾಗಲೇ ಆ ಕೆಲಸ ಮಾಡಿದವರು ಬರೆದಿಟ್ಟ ಲೆಕ್ಕವಿದು; ಇದಕ್ಕಿಂತ ದೊಡ್ಡ ಸಾಕ್ಷ್ಯ ಈ ವಿಷಯದಲ್ಲಿ ಬೇರೊಂದಿಲ್ಲ. ನೆಲದ ಮೇಲೆ ಮರದ ಜಾರುಬಂಡಿಗೆ ಕಲ್ಲು ಕಟ್ಟಿ ಎಳೆಯುತ್ತಿದ್ದರು. ಜೆಹುತಿಹೋಟೆಪ್ ಎಂಬ ಅಧಿಕಾರಿಯ ಗೋರಿಯ ಚಿತ್ರದಲ್ಲಿ ಭಾರೀ ಮೂರ್ತಿಯನ್ನು ಹೀಗೆ ಎಳೆಯುವಾಗ ಒಬ್ಬ ಮುಂದೆ ನಿಂತು ಮರಳಿಗೆ ನೀರು ಹೊಯ್ಯುತ್ತಿದ್ದಾನೆ. ಅದನ್ನು ಬಹಳ ಕಾಲ ಪೂಜೆಯ ವಿಧಿ ಎಂದೇ ತಿಳಿದಿದ್ದರು. 2014ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ, ಮರಳು ಹದವಾಗಿ ಒದ್ದೆಯಾದಾಗ ಎಳೆಯಲು ಬೇಕಾದ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದು ಕಂಡುಬಂತು. ಒಣ ಮರಳು ಬಂಡಿಯ ಮುಂದೆ ಗುಡ್ಡೆಯಾಗಿ ತಡೆಯುತ್ತದೆ. ಒದ್ದೆ ಮರಳು ಗಟ್ಟಿ ಹಾಸಾಗುತ್ತದೆ. ನೀರು ಹೆಚ್ಚಾದರೆ ಮತ್ತೆ ಕೆಸರು, ಮತ್ತೆ ಭಾರ.

ಮೇಲೇರಿಸಲು ಇಳಿಜಾರು ದಾರಿಗಳನ್ನು ಬಳಸಿದರು. ಅದು ನೇರವಾಗಿತ್ತೋ ಸುತ್ತುಬಳಸಿತ್ತೋ ಎಂಬ ವಾದ ಪರಿಣತರಲ್ಲಿ ಇನ್ನೂ ನಡೆದಿದೆ. ಹತ್‌ನುಬ್ ಗಣಿಯಲ್ಲಿ ಖುಫುವಿನ ಕಾಲದ ಕಡಿದಾದ ಇಳಿಜಾರೊಂದು ಸಿಕ್ಕಿದೆ. ಅದರ ಎರಡೂ ಬದಿ ಮೆಟ್ಟಿಲು ಮತ್ತು ಗೂಟ ನೆಟ್ಟ ಕುಳಿಗಳಿವೆ. ಗೂಟಕ್ಕೆ ಹಗ್ಗ ಸುತ್ತಿದರೆ ಕೆಳಮುಖವಾಗಿ ಎಳೆದೂ ಕಲ್ಲನ್ನು ಮೇಲೆ ತರಬಹುದು.

ಗುಲಾಮರ ಮಾತು ನಿಲ್ಲುವುದಿಲ್ಲ. ಪಿರಮಿಡ್ಡಿನ ಬಳಿ ಕೆಲಸಗಾರರ ಊರು, ಅವರ ರೊಟ್ಟಿಮನೆಗಳು, ರಾಶಿ ರಾಶಿ ದನಕುರಿಗಳ ಮೂಳೆ ಸಿಕ್ಕಿವೆ. ಸತ್ತವರಿಗೆ ಅರಸನ ಗೋರಿಯ ಸಮೀಪವೇ ಗೋರಿ ಕೊಟ್ಟಿದ್ದಾರೆ. ಮುರಿದು ಕೂಡಿಕೊಂಡ ಎಲುಬುಗಳಿರುವುದರಿಂದ ಗಾಯಾಳುಗಳಿಗೆ ಆರೈಕೆ ಸಿಗುತ್ತಿತ್ತು ಎಂದು ತಿಳಿಯುತ್ತದೆ. ಸರದಿಯ ಮೇಲೆ ಬಂದು ದುಡಿದ ಜನ ಅವರು. ಹಾಗೆಂದು ಅದು ಹಗುರ ಕೆಲಸವಾಗಿರಲಿಲ್ಲ. ಬೆನ್ನೆಲುಬಿನ ಸವೆತ ಅದನ್ನೇ ಹೇಳುತ್ತದೆ.

ಪ್ರಶ್ನೆ: ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆಯೇ?

ಇಲ್ಲ. ಗೋಡೆ ಉದ್ದವಾಗಿದೆ ನಿಜ, ಆದರೆ ಕಣ್ಣಿಗೆ ಬೀಳಬೇಕಾದರೆ ಅಗಲ ಬೇಕು. ಅದರ ಅಗಲ ಕೆಲವೇ ಮೀಟರ್; ಚಂದ್ರ ಇರುವುದು 3,84,000 ಕಿ.ಮೀ. ದೂರದಲ್ಲಿ. ಒಂದು ತಲೆಗೂದಲನ್ನು ಐದು ಕಿ.ಮೀ. ಆಚೆಯಿಂದ ನೋಡಲು ಹೊರಟಂತೆ ಇದು. 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ ಭೂಮಿಯ ಸುತ್ತಿನ ಕಕ್ಷೆಯಿಂದಲೂ ತನಗೆ ಗೋಡೆ ಕಾಣಲಿಲ್ಲ ಎಂದೇ ಹೇಳಿದರು.

ಆ ಗೋಡೆಯಲ್ಲಿ ನಿಜಕ್ಕೂ ಅಚ್ಚರಿಪಡಬೇಕಾದ್ದು ಗಾರೆ. ಮಿಂಗ್ ರಾಜವಂಶದ ಕಾಲದ ಕಟ್ಟಡಗಳಲ್ಲಿ ಅಂಟು ಅಕ್ಕಿಯ ಗಂಜಿಯನ್ನು ಸುಣ್ಣಕ್ಕೆ ಬೆರೆಸುತ್ತಿದ್ದರು. ಗಂಜಿಯಲ್ಲಿರುವ ಅಮೈಲೊಪೆಕ್ಟಿನ್ ಎಂಬ ಪಿಷ್ಟ ಸುಣ್ಣದ ಹರಳುಗಳನ್ನು ದೊಡ್ಡದಾಗಿ ಬೆಳೆಯಗೊಡುವುದಿಲ್ಲ. ಹರಳು ಸಣ್ಣದಾದಷ್ಟೂ ಗಾರೆ ಒತ್ತೊತ್ತಾಗಿ ಕೂಡಿಕೊಳ್ಳುತ್ತದೆ, ನೀರಿಗೆ ಬೇಗ ಬಿಡುವುದಿಲ್ಲ.

ಪ್ರಶ್ನೆ: ಕಲ್ಲಿನ ವಯಸ್ಸು ಕೋಟಿಗಟ್ಟಲೆ ವರ್ಷ. ಹಾಗಿದ್ದರೆ ಕಟ್ಟಡ ಎಷ್ಟು ಹಳೆಯದು ಎಂದು ಹೇಗೆ ಹೇಳುತ್ತಾರೆ?

ಕಲ್ಲನ್ನು ಬಿಟ್ಟು ಅದರ ಜೊತೆಗಿರುವುದನ್ನು ಪರೀಕ್ಷಿಸುತ್ತಾರೆ. ಮರ, ಇದ್ದಿಲು, ಮೂಳೆ, ಬೀಜ, ಹೀಗೆ ಒಮ್ಮೆ ಜೀವವಿದ್ದ ಯಾವುದಾದರೂ ಸಿಕ್ಕರೆ ಅದರಲ್ಲಿ ಉಳಿದ ಕಾರ್ಬನ್-14 ಅಳೆಯಬಹುದು. ಅದು ಸುಮಾರು 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಸುಮಾರು 50,000 ವರ್ಷ ದಾಟಿದರೆ ಅಳೆಯಲು ಏನೂ ಉಳಿಯುವುದಿಲ್ಲ. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನ ಸುತ್ತಲಿನ ಕಂದಕ ಕ್ರಿ.ಪೂ. 3000ದ ಸುಮಾರಿನದು ಎಂದು ತಿಳಿದದ್ದು, ಅದನ್ನು ತೋಡಲು ಬಳಸಿ ಅಲ್ಲೇ ಬಿಟ್ಟ ಜಿಂಕೆಗೊಂಬಿನ ಗುದ್ದಲಿಗಳಿಂದ.

ಇಲ್ಲಿ ಎಚ್ಚರ ತಪ್ಪುವ ಜಾಗ ಒಂದಿದೆ. ಪರೀಕ್ಷೆ ಹೇಳುವುದು ಮರ ಬೆಳೆದ ಕಾಲವನ್ನು, ಅದನ್ನು ಸುಟ್ಟ ಕಾಲವನ್ನಲ್ಲ. ದೊಡ್ಡ ಪಿರಮಿಡ್ಡಿನ ಗಾರೆಯಲ್ಲಿದ್ದ ಇದ್ದಿಲನ್ನು 1984ರಲ್ಲಿ ಪರೀಕ್ಷಿಸಿದಾಗ ಫಲಿತಾಂಶ ಇತಿಹಾಸದ ಲೆಕ್ಕಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಯಿತು. ಮರುಭೂಮಿಯ ನಾಡಿನಲ್ಲಿ ಸೌದೆಗೆ ಬರ. ಹಳೆಯ ಮರಮುಟ್ಟನ್ನೇ ಒಲೆಗೆ ಹಾಕಿರಬೇಕು ಎಂಬುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಜೈವಿಕ ವಸ್ತು ಏನೂ ಸಿಗದಿದ್ದರೆ ಇನ್ನೊಂದು ದಾರಿಯಿದೆ: ಮಣ್ಣಿನಲ್ಲಿ ಹೂತ ಕ್ವಾರ್ಟ್ಸ್ ಮರಳಿನ ಕಣ ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ಅಳೆಯುವುದು. ಮಾದರಿಯನ್ನು ಕತ್ತಲಲ್ಲೇ ತೆಗೆದು ಕತ್ತಲಲ್ಲೇ ಸಾಗಿಸಬೇಕು. ಬೆಳಕು ತಾಗಿತೋ, ಗಡಿಯಾರ ಮತ್ತೆ ಸೊನ್ನೆಗೆ.

ಪ್ರಶ್ನೆ: ರೋಮಿನ ಪುರಾತನ ದೇವಾಲಯ ಪ್ಯಾಂಥಿಯನ್ನಿನ ಗುಮ್ಮಟ ಹತ್ತೊಂಬತ್ತು ಶತಮಾನ ನಿಂತಿದೆ. ಈಗಿನ ಕಾಂಕ್ರೀಟ್ ಅರವತ್ತು ಎಪ್ಪತ್ತು ವರ್ಷಕ್ಕೇ ಉದುರುತ್ತದೆ. ನಮಗೆ ಅವರಷ್ಟು ತಿಳಿವಳಿಕೆ ಇಲ್ಲವೇ?

ತಿಳಿವಳಿಕೆಗಿಂತ ಹೆಚ್ಚಾಗಿ ಕಟ್ಟುವ ರೀತಿಯೇ ಬೇರೆ. ಈಗಿನ ಕಾಂಕ್ರೀಟಿನ ಒಳಗೆ ಉಕ್ಕಿನ ಸರಳು ಇದೆ. ಹೊಸ ಕಾಂಕ್ರೀಟ್ ಕ್ಷಾರೀಯವಾಗಿರುವ ತನಕ ಉಕ್ಕಿಗೆ ತುಕ್ಕು ಹಿಡಿಯುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಒಳಗಿಳಿದು ಆ ಕ್ಷಾರವನ್ನು ಕಡಿಮೆ ಮಾಡುತ್ತದೆ, ಇಲ್ಲವೇ ಉಪ್ಪಿನ ಅಂಶ ಒಳಸೇರುತ್ತದೆ. ಆಗ ತುಕ್ಕು ಶುರು. ತುಕ್ಕಿಗೆ ಮೂಲ ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಕು, ಆ ಒತ್ತಡಕ್ಕೆ ಕಾಂಕ್ರೀಟ್ ಸಿಡಿಯುತ್ತದೆ. ರೋಮನ್ನರ ಕಾಂಕ್ರೀಟಿನಲ್ಲಿ ಸರಳೇ ಇಲ್ಲ. ಅದಕ್ಕೆ ಬೆಲೆಯನ್ನೂ ತೆತ್ತಿದ್ದಾರೆ: ಚಪ್ಪಟೆ ಚಾವಣಿ, ತೆಳು ತೊಲೆ ಅವರಿಗೆ ಸಾಧ್ಯವಿರಲಿಲ್ಲ. ಎಲ್ಲ ಭಾರವೂ ಒತ್ತುವ ಬಲವಾಗಿಯೇ ಇಳಿಯುವಂತೆ ಕಮಾನು, ಗುಮ್ಮಟ, ದಪ್ಪ ಗೋಡೆ ಕಟ್ಟಬೇಕಾಯಿತು.

ಪ್ಯಾಂಥಿಯನ್ ಗುಮ್ಮಟದ ವ್ಯಾಸ 43.3 ಮೀಟರ್. ಬುಡದಲ್ಲಿ ದಪ್ಪ ಸುಮಾರು 6 ಮೀಟರ್, ತುದಿಯ ತೆರೆದ ಕಿಂಡಿಯ ಬಳಿ ಸುಮಾರು 1.2 ಮೀಟರ್. ಇನ್ನೂ ಜಾಣತನದ್ದು ಜಲ್ಲಿಯ ಆಯ್ಕೆ. ಕೆಳಗೆ ಭಾರದ ಟ್ರಾವರ್ಟೈನ್ ಕಲ್ಲಿನ ಚೂರು, ನಡುವೆ ಟಫ್ (ಜ್ವಾಲಾಮುಖಿ ಬೂದಿ ಗಟ್ಟಿಯಾದ ಕಲ್ಲು) ಮತ್ತು ಇಟ್ಟಿಗೆ ಚೂರು, ಮೇಲೆ ನೀರಿನಲ್ಲಿ ತೇಲುವಷ್ಟು ಹಗುರವಾದ ಜ್ವಾಲಾಮುಖಿಯ ಪ್ಯೂಮಿಸ್. ಒಳಮೈಯಲ್ಲಿ ಸಾಲಿಗೆ 28ರಂತೆ ಐದು ಸಾಲು ಚೌಕಗುಳಿಗಳು ಭಾರವನ್ನು ಇನ್ನಷ್ಟು ತಗ್ಗಿಸುತ್ತವೆ. ಕಿಂಡಿಯಿಂದ ಮಳೆ ಒಳಗೆ ಬೀಳುತ್ತದೆ. ನೆಲ ನಡುವೆ ತುಸು ಉಬ್ಬಾಗಿದ್ದು, ಸಣ್ಣ ತೂತುಗಳ ಮೂಲಕ ನೀರು ಹರಿದುಹೋಗುತ್ತದೆ.

ಗಾರೆಯ ಅಳತೆಯನ್ನು ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಬರೆದಿಟ್ಟಿದ್ದಾನೆ: ಗಣಿ ಮರಳಾದರೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು, ಸಮುದ್ರದೊಳಗಿನ ಕೆಲಸಕ್ಕೆ ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಜ್ವಾಲಾಮುಖಿ ಬೂದಿ. ಈ ಬೂದಿಯಲ್ಲಿರುವ ಸಿಲಿಕಾ ಮತ್ತು ಅಲ್ಯುಮಿನಾ ಸುಣ್ಣದೊಂದಿಗೆ ಸೇರಿ ನೀರಿನಡಿಯಲ್ಲೂ ಗಟ್ಟಿಯಾಗುತ್ತವೆ. ಹಳೆಯ ಗಾರೆಯಲ್ಲಿ ಕಾಣುವ ಬಿಳಿಯ ಸುಣ್ಣದ ಗಂಟುಗಳನ್ನು ಕಲಸುವವರ ಅಜಾಗ್ರತೆ ಎಂದುಕೊಂಡಿದ್ದರು. 2023ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನೇತೃತ್ವದ ತಂಡ ಬೇರೆಯೇ ವಿವರಣೆ ಕೊಟ್ಟಿತು. ನೀರು ಹಾಕಿ ಅರಳಿಸದ ಸುಟ್ಟ ಸುಣ್ಣವನ್ನೇ ನೇರವಾಗಿ ಬೆರೆಸಿ ಬಿಸಿಬಿಸಿಯಾಗಿ ಕಲಸಿದಾಗ ಇಂಥ ಗಂಟು ಉಳಿಯುತ್ತವೆ. ಮುಂದೆ ಬಿರುಕು ಬಿಟ್ಟು ನೀರು ಒಳಬಂದರೆ ಗಂಟಿನ ಸುಣ್ಣ ಕರಗಿ ಹರಿದು, ಮತ್ತೆ ಹರಳುಗಟ್ಟಿ ಬಿರುಕನ್ನು ಮುಚ್ಚುತ್ತದೆ. ಪ್ರಯೋಗದಲ್ಲಿ ಅರ್ಧ ಮಿಲಿಮೀಟರ್ ಬಿರುಕು ಎರಡು ವಾರದೊಳಗೆ ಮುಚ್ಚಿಕೊಂಡಿತು.

ಇದೇ ಕಾರಣಕ್ಕೆ ಒಂದು ಮಾತನ್ನು ಒತ್ತಿ ಹೇಳಬೇಕು. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟ್ ಮೆತ್ತಬೇಡಿ. ಸಿಮೆಂಟ್ ಕಲ್ಲಿಗಿಂತ ಗಟ್ಟಿ, ತೇವವನ್ನು ಹೊರಬಿಡುವುದಿಲ್ಲ, ತನ್ನದೇ ಉಪ್ಪನ್ನೂ ಬಿಡುತ್ತದೆ. ಸಂದಿಯಿಂದ ಹೋಗಬೇಕಾದ ನೀರು ಕಲ್ಲಿನ ಮೂಲಕ ಹೊರಗೆ ಬಂದು, ಮೇಲ್ಮೈಯಲ್ಲಿ ಉಪ್ಪು ಹರಳುಗಟ್ಟಿ ಕಲ್ಲಿನ ಅಂಚು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕೆಲವು ವರ್ಷ ಬಿಟ್ಟು ನೋಡಿದರೆ ಸಿಮೆಂಟಿನ ಗೆರೆ ಹಾಗೇ ನಿಂತಿರುತ್ತದೆ, ಅದರ ನಡುವಿನ ಕಲ್ಲು ಸವೆದು ಹಿಂದೆ ಸರಿದಿರುತ್ತದೆ. ಸಂದಿಯ ಗಾರೆ ಕಲ್ಲಿಗಿಂತ ಮೆದುವಾಗಿಯೇ ಇರಬೇಕು. ಸವೆದರೆ ಅದನ್ನು ಮತ್ತೆ ತುಂಬಬಹುದು, ಕಲ್ಲನ್ನು ತುಂಬಲಾಗದು.

ಪ್ರಶ್ನೆ: ರೋಮಿನ ಪುರಾತನ ಕ್ರೀಡಾಂಗಣ ಕೊಲೊಸಿಯಮ್ಮಿನ ಗೋಡೆಯ ತುಂಬ ತೂತುಗಳಿವೆ. ಗುಂಡು ಹೊಡೆದದ್ದೇ? ಪಾರ್ಥೆನಾನ್ ದುರಸ್ತಿ ಇಷ್ಟು ವರ್ಷವಾದರೂ ಮುಗಿಯದಿರುವುದೇಕೆ?

ಎರಡೂ ಪ್ರಶ್ನೆಗೆ ಉತ್ತರ ಒಂದೇ ವಸ್ತುವಿನಲ್ಲಿದೆ, ಕಲ್ಲುಗಳನ್ನು ಬಿಗಿದ ಕಬ್ಬಿಣದ ಕೊಂಡಿಗಳಲ್ಲಿ. ಕೊಲೊಸಿಯಮ್ಮಿನ ಕೊಂಡಿಗಳನ್ನು ಮಧ್ಯಯುಗದಲ್ಲಿ ಲೋಹಕ್ಕಾಗಿ ಕೊರೆದು ಕಿತ್ತುಕೊಂಡರು. ಉಳಿದ ಗುರುತೇ ಆ ತೂತುಗಳು.

ಅಥೆನ್ಸಿನ ದೇವಾಲಯ ಪಾರ್ಥೆನಾನ್ (ಕ್ರಿ.ಪೂ. 447–432) ಕಥೆ ಹೆಚ್ಚು ನೋವಿನದು. ಅಲ್ಲಿ ಗ್ರೀಕರು ಗಾರೆಯನ್ನೇ ಬಳಸಲಿಲ್ಲ. ಅಮೃತಶಿಲೆಯಲ್ಲಿ ಕುಳಿ ತೋಡಿ, ಕಬ್ಬಿಣದ ಕೊಂಡಿ ಇಟ್ಟು, ಸುತ್ತ ಕರಗಿದ ಸೀಸ ಹೊಯ್ದರು. ಸೀಸ ನೀರನ್ನು ತಡೆಯುತ್ತದೆ. ಭೂಕಂಪವಾದಾಗ ಮೆತ್ತಗೆ ಬಗ್ಗಿ ಪೆಟ್ಟನ್ನೂ ತಾಳಿಕೊಳ್ಳುತ್ತದೆ. 1687ರಲ್ಲಿ ಒಟ್ಟೊಮನ್ನರು ಒಳಗೆ ಇಟ್ಟಿದ್ದ ಸಿಡಿಮದ್ದಿಗೆ ವೆನಿಸ್ ಸೇನೆಯ ಗುಂಡು ಬಿದ್ದು ಕಟ್ಟಡದ ನಡುಭಾಗವೇ ಹಾರಿಹೋಯಿತು. ಅದಾದ ಮೇಲೆ 20ನೇ ಶತಮಾನದ ಮೊದಲ ದಶಕಗಳಲ್ಲಿ ಎಂಜಿನಿಯರ್ ನಿಕೊಲಾಓಸ್ ಬಲಾನೊಸ್ ಬಿದ್ದ ಕಂಬಗಳನ್ನು ಎತ್ತಿ ನಿಲ್ಲಿಸಿದರು, ಆದರೆ ಸೀಸದ ಹೊದಿಕೆಯಿಲ್ಲದ ಕಬ್ಬಿಣ ಬಳಸಿದರು. ಮಳೆನೀರು ಇಳಿಯಿತು, ತುಕ್ಕು ಉಬ್ಬಿತು, ಎರಡು ಸಾವಿರ ವರ್ಷ ತಡೆದ ಅಮೃತಶಿಲೆ ಕೆಲವೇ ದಶಕಗಳಲ್ಲಿ ಸೀಳಿತು. ಎಷ್ಟೋ ತುಂಡುಗಳು ಅವುಗಳದ್ದಲ್ಲದ ಜಾಗದಲ್ಲಿ ಕೂತಿದ್ದವು.

1975ರಲ್ಲಿ ಹೊಸ ಸಮಿತಿ ರಚನೆಯಾಯಿತು. ಆ ಕೆಲಸದ ಬಹುಪಾಲು ಹಿಂದಿನ ದುರಸ್ತಿಯನ್ನು ಬಿಚ್ಚುವುದೇ. ಪ್ರತಿ ಕಲ್ಲನ್ನು ಇಳಿಸಿ, ಕಬ್ಬಿಣ ತೆಗೆದು, ತುಕ್ಕು ಹಿಡಿಯದ ಟೈಟಾನಿಯಂ ಹಾಕುತ್ತಾರೆ. ಕೊರತೆಗೆ ಅದೇ ಪೆಂಟೆಲಿಕಾನ್ ಬೆಟ್ಟದ ಅಮೃತಶಿಲೆ. ನಿಧಾನಕ್ಕೆ ಇನ್ನೊಂದು ಕಾರಣವೂ ಇದೆ. ಇಲ್ಲಿ ಒಂದರಂತೆ ಇನ್ನೊಂದು ಕಲ್ಲಿಲ್ಲ. ನೆಲಗಟ್ಟು ಉದ್ದದ ಬದಿಯಲ್ಲಿ ಸುಮಾರು 11 ಸೆಂ.ಮೀ. ಮೇಲಕ್ಕೆ ಬಾಗಿದೆ, ಕಂಬಗಳು ಒಳಕ್ಕೆ ವಾಲಿವೆ, ನಡುವಿನಲ್ಲಿ ತುಸು ಉಬ್ಬಿವೆ. ಹಾಗಾಗಿ ಪ್ರತಿ ತುಂಡಿಗೂ ಸರಿಯಾದ ಜಾಗ ಒಂದೇ ಒಂದು.

ಪ್ರಶ್ನೆ: ಪೀಸಾ ಗೋಪುರವನ್ನು ನೆಟ್ಟಗೆ ಮಾಡಬಹುದಿತ್ತಲ್ಲವೇ? ಯಾಕೆ ಸ್ವಲ್ಪ ಮಾತ್ರ ಸರಿಪಡಿಸಿದರು?

ಪೂರ್ತಿ ನೆಟ್ಟಗಾಗಲಾರದು, ಏಕೆಂದರೆ ಗೋಪುರವೇ ನೇರವಾಗಿಲ್ಲ, ಬಾಳೆಹಣ್ಣಿನ ಆಕಾರದಲ್ಲಿದೆ. 1173ರಲ್ಲಿ ಕೆಲಸ ಶುರುವಾಗಿ ಕೆಲವೇ ವರ್ಷಗಳಲ್ಲಿ, ಮೊದಲ ಅಂತಸ್ತುಗಳು ಏಳುತ್ತಿದ್ದಂತೆಯೇ ನಿಂತಿತು. ಸುಮಾರು ನೂರು ವರ್ಷದ ಮೇಲೆ ಮುಂದುವರಿಸಿದವರು ವಾಲಿದ ಬದಿಗೆ ಕಲ್ಲಿನ ಎತ್ತರ ಹೆಚ್ಚಿಸಿ ಸರಿತೂಗಿಸಲು ನೋಡಿದರು. ಆ ನೂರು ವರ್ಷದ ಬಿಡುವೇ ಗೋಪುರವನ್ನು ಉಳಿಸಿದ್ದು. ಅಡಿಯಲ್ಲಿರುವುದು ಮೆತ್ತನೆಯ ಜೇಡಿ. ಭಾರ ಬಿದ್ದಾಗ ಅದರೊಳಗಿನ ನೀರು ನಿಧಾನವಾಗಿ ಹಿಂಡಿ ಹೋಗಿ ಮಣ್ಣು ಗಟ್ಟಿಯಾಗಬೇಕು. ಒಂದೇ ಸಲಕ್ಕೆ 14,500 ಟನ್ ಹೇರಿದ್ದರೆ ಆಗಲೇ ಉರುಳುತ್ತಿತ್ತು.

ಹಿಂದಿನ ಚಿಕಿತ್ಸೆಗಳೆಲ್ಲ ರೋಗವನ್ನು ಹೆಚ್ಚಿಸಿದವು. 1838ರಲ್ಲಿ ಹೂತುಹೋದ ಬುಡವನ್ನು ತೋರಿಸಲೆಂದು ಸುತ್ತ ಅಗೆದಾಗ ಅಂತರ್ಜಲ ನುಗ್ಗಿ ವಾಲುವಿಕೆ ಹೆಚ್ಚಾಯಿತು. 1930ರ ದಶಕದಲ್ಲಿ ಅಡಿಪಾಯಕ್ಕೆ ರಂಧ್ರ ಕೊರೆದು ಸಿಮೆಂಟ್ ತುಂಬಿದಾಗಲೂ ಅದೇ ಕಥೆ. 1990ರಲ್ಲಿ ಗೋಪುರ ಮುಚ್ಚಿದಾಗ ಅದು 5.5 ಡಿಗ್ರಿ ವಾಲಿತ್ತು. 1993ರಲ್ಲಿ ಉತ್ತರದ ಬುಡದ ಮೇಲೆ ಸುಮಾರು 600 ಟನ್ ಸೀಸದ ತುಂಡುಗಳನ್ನು ಪೇರಿಸಿದರು. 1995ರಲ್ಲಿ ಭೂಮಿಗೆ ಬಿಗಿಯುವ ಕೇಬಲ್ ಹಾಕಲು ನೆಲವನ್ನು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿದಾಗ ಗೋಪುರ ಮತ್ತೆ ದಕ್ಷಿಣಕ್ಕೆ ಸರಿಯಿತು. ಆ ಯೋಜನೆಯನ್ನು ಕೈಬಿಟ್ಟು ಸೀಸ ಹೆಚ್ಚಿಸಿದರು.

ಕೊನೆಗೆ ಫಲಿಸಿದ್ದು ಅತಿ ಸರಳ ಉಪಾಯ. ಗೋಪುರ ದಕ್ಷಿಣಕ್ಕೆ ವಾಲಿದೆ. ಹಾಗಾದರೆ ಉತ್ತರದ ಬದಿಯಿಂದ ಮಣ್ಣು ತೆಗೆಯುವುದು. ಓರೆಯಾಗಿ ಇಳಿಸಿದ ಕೊಳವೆಗಳಲ್ಲಿ ದಿನಕ್ಕೆ ಒಂದಿಷ್ಟೇ ಮಣ್ಣು ತೆಗೆದು, ಗೋಪುರದ ಚಲನೆ ಅಳೆದು, ಮರುದಿನದ ಪ್ರಮಾಣ ನಿರ್ಧರಿಸುತ್ತಿದ್ದರು. ಒಟ್ಟು ತೆಗೆದದ್ದು ಸುಮಾರು 38 ಘನ ಮೀಟರ್. ವಾಲುವಿಕೆ ಅರ್ಧ ಡಿಗ್ರಿಯಷ್ಟು ತಗ್ಗಿತು, ತುದಿ ಸುಮಾರು 45 ಸೆಂ.ಮೀ. ಹಿಂದೆ ಬಂತು. 2001ರ ಡಿಸೆಂಬರಿನಲ್ಲಿ ಮತ್ತೆ ತೆರೆದರು. ಅಪಾಯ ತಪ್ಪಿತು, ರೂಪವೂ ಉಳಿಯಿತು. ಅಷ್ಟೇ ಸಾಕು ಎಂದು ಮೊದಲೇ ತೀರ್ಮಾನಿಸಿದ್ದರು. ಸರಿಯಾದ ತೀರ್ಮಾನ.

ಪ್ರಶ್ನೆ: ಮಾಚು ಪಿಚು ಕಡಿದಾದ ಬೆಟ್ಟದ ಮೇಲಿದೆ, ಮಳೆಯೂ ಜಾಸ್ತಿ. ಜಾರಿ ಬೀಳದಿರುವುದು ಹೇಗೆ?

ಪೆರುವಿನ ಈ ಇಂಕಾ ನೆಲೆ 2,430 ಮೀಟರ್ ಎತ್ತರದಲ್ಲಿದೆ. ವರ್ಷಕ್ಕೆ ಸುಮಾರು 2,000 ಮಿ.ಮೀ. ಮಳೆ. ಕಣ್ಣಿಗೆ ಕಾಣುವ ಗೋಡೆಗಿಂತ ನೆಲದಡಿಯ ಕೆಲಸವೇ ಅಲ್ಲಿ ಹೆಚ್ಚು ಎಂದು ಅಧ್ಯಯನ ಮಾಡಿದ ಎಂಜಿನಿಯರುಗಳು ಅಂದಾಜಿಸಿದ್ದಾರೆ. ಮೆಟ್ಟಿಲು ಮೆಟ್ಟಿಲಾದ ಗದ್ದೆಗಳ ತಳದಲ್ಲಿ ದೊಡ್ಡ ಕಲ್ಲು, ಅದರ ಮೇಲೆ ಜಲ್ಲಿ, ಆಮೇಲೆ ಮರಳು ಮಿಶ್ರಿತ ಮಣ್ಣು, ಎಲ್ಲಕ್ಕೂ ಮೇಲೆ ಫಲವತ್ತಾದ ಮಣ್ಣು. ನೀರು ಮೇಲೆ ಹರಿದು ಮಣ್ಣು ಕೊಚ್ಚುವ ಬದಲು ಕೆಳಗಿಳಿದು ಬಸಿದುಹೋಗುತ್ತದೆ. ಗೋಡೆಗಳಲ್ಲಿ ನೂರಕ್ಕೂ ಹೆಚ್ಚು ನೀರುಗಂಡಿಗಳಿವೆ. ಊರಿನ ಭಾಗ ಮತ್ತು ಗದ್ದೆಗಳ ನಡುವೆ ಒಂದು ದೊಡ್ಡ ಚರಂಡಿಯಿದೆ. ಗೋಡೆ ತುಸು ಒಳಕ್ಕೆ ವಾಲಿರುವುದು, ಬಾಗಿಲು ಕೆಳಗೆ ಅಗಲ ಮೇಲೆ ಕಿರಿದಾಗಿರುವುದು ಭೂಕಂಪಕ್ಕೆ ತಡೆ.

ಪ್ರಶ್ನೆ: ಕಾಂಬೋಡಿಯಾದ ತಾ ಪ್ರೋಮ್ ದೇವಾಲಯದ ಮೇಲೆ ಬೆಳೆದ ಮರಗಳನ್ನು ಕಡಿಯಬಾರದೇ?

ಕಡಿದರೆ ಕೆಲವು ಗೋಡೆಗಳು ಅದೇ ದಿನ ಕುಸಿಯುತ್ತವೆ. ಬೇರು ಕಲ್ಲಿನ ಸಂದಿಗೆ ಇಳಿದು ಬಿಡಿಸುತ್ತದೆ, ಬಿಡಿಸಿದ್ದನ್ನು ತಾನೇ ಹಿಡಿದುಕೊಳ್ಳುತ್ತದೆ. ಮರ ಸತ್ತರೆ ಬೇರು ಕೊಳೆತು ಟೊಳ್ಳಾಗಿ ಕಲ್ಲು ಬೀಳುತ್ತದೆ. ಗಾಳಿಗೆ ಉರುಳಿದರೆ ಗೋಡೆಯನ್ನೂ ಕಿತ್ತುಕೊಂಡು ಹೋಗುತ್ತದೆ. ಆದ್ದರಿಂದ ಕೊಂಬೆ ಸವರಿ ಭಾರ ಇಳಿಸುವುದು, ಆಧಾರ ಕೊಡುವುದು, ಕುಸಿದ ಭಾಗವನ್ನು ಅದರದೇ ಕಲ್ಲುಗಳಿಂದ ಮರುಜೋಡಿಸುವುದು, ಇದು ಕ್ರಮ. ಇಲ್ಲಿನ ಕೆಲಸದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯೂ ಪಾಲುಗೊಂಡಿದೆ.

ಮರುಜೋಡಣೆಗೆ ದಾಖಲೆಯೇ ಜೀವ. ಹತ್ತಿರದ ಬಾಫುವಾನ್ ದೇವಾಲಯವನ್ನು 1960ರ ದಶಕದಲ್ಲಿ ಫ್ರೆಂಚ್ ತಜ್ಞರು ಬಿಚ್ಚಿ ಸುಮಾರು ಮೂರು ಲಕ್ಷ ಕಲ್ಲುಗಳನ್ನು ಅಂಕಿ ಹಾಕಿ ಸುತ್ತ ಹರಡಿದ್ದರು. ಅಂತರ್ಯುದ್ಧ ಬಂತು, ಖಮೇರ್ ರೂಜ್ ಎಂಬ ಉಗ್ರ ಕಮ್ಯುನಿಸ್ಟರ ಆಳ್ವಿಕೆಯಲ್ಲಿ ನಕ್ಷೆಗಳು ನಾಶವಾದವು. 1995ರಲ್ಲಿ ಮತ್ತೆ ಶುರುಮಾಡಿ, ಒಂದೊಂದು ಕಲ್ಲನ್ನೂ ಅಳೆದು ಹೊಂದಿಸುತ್ತ ಮುಗಿಸುವಾಗ 2011.

ಪ್ರಶ್ನೆ: ಗೋಡೆ ಮುಟ್ಟಿದರೆ, ಒಳಗೆ ಹೋಗಿ ನೋಡಿದರೆ ಅಂಥದ್ದೇನು ಹಾಳಾಗುತ್ತದೆ?

ಕೈಯ ಜಿಡ್ಡು ಮತ್ತು ಬೆವರಿನ ಉಪ್ಪು ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಇಳಿದು ಧೂಳನ್ನು ಹಿಡಿಯುತ್ತವೆ. ಮುಚ್ಚಿದ ಜಾಗಗಳಲ್ಲಿ ಉಸಿರೇ ದೊಡ್ಡ ಶತ್ರು. ಆದಿಮಾನವರ ಚಿತ್ರಗಳಿರುವ ಫ್ರಾನ್ಸಿನ ಲಾಸ್ಕೊ ಗುಹೆಯನ್ನು 1948ರಲ್ಲಿ ಜನರಿಗೆ ತೆರೆದರು. ದಿನಕ್ಕೆ ಸಾವಿರಕ್ಕೂ ಹೆಚ್ಚು ಜನ ಬರತೊಡಗಿದರು. ಅವರ ಉಸಿರಿನ ತೇವ ಮತ್ತು ಇಂಗಾಲದ ಡೈಆಕ್ಸೈಡ್, ದೀಪಗಳ ಬೆಳಕು ಸೇರಿ ಗೋಡೆಯಲ್ಲಿ ಹಸಿರು ಪಾಚಿ, ಬಿಳಿಯ ಹರಳು ಕಾಣಿಸಿಕೊಂಡವು. ಹದಿನೇಳು ಸಾವಿರ ವರ್ಷ ಉಳಿದಿದ್ದ ಚಿತ್ರಗಳನ್ನು ಉಳಿಸಲು 1963ರಲ್ಲಿ ಮುಚ್ಚಲೇಬೇಕಾಯಿತು. 1983ರಿಂದ ಜನ ನೋಡುವುದು ಪ್ರತಿಕೃತಿಯನ್ನು.

ಪ್ರಶ್ನೆ: ಈಜಿಪ್ಟಿನ ಅಬು ಸಿಂಬೆಲ್ ದೇವಾಲಯದ ಗರ್ಭಗುಡಿಗೆ ವರ್ಷಕ್ಕೆ ಎರಡೇ ದಿನ ಬಿಸಿಲು ಬೀಳುತ್ತದಂತೆ. ದೇವಾಲಯವನ್ನು ಸ್ಥಳಾಂತರಿಸಿದ ಮೇಲೂ ಅದು ಹಾಗೆಯೇ ಇದೆಯೇ?

ಇದೆ. ಆಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಬೇಕಿದ್ದ ಈ ಬಂಡೆಗುಡಿಯನ್ನು 1964ರಿಂದ 1968ರ ನಡುವೆ ಯುನೆಸ್ಕೊ ಮುಂದಾಳ್ತನದಲ್ಲಿ ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಕೊಯ್ದು, ಸುಮಾರು 65 ಮೀಟರ್ ಮೇಲಕ್ಕೂ 200 ಮೀಟರ್ ಹಿಂದಕ್ಕೂ ಒಯ್ದು ಮತ್ತೆ ಜೋಡಿಸಿದರು. ಒಂದೊಂದು ತುಂಡು 20 ರಿಂದ 30 ಟನ್. ಕೊಯ್ದ ಗೆರೆ ಮುಖಭಾಗದಲ್ಲಿ ತೆಳುವಾಗಿರಲೆಂದು ಅಲ್ಲಿ ಯಂತ್ರ ಬಿಟ್ಟು ಕೈಗರಗಸ ಬಳಸಿದರು. ಹಿಂದಿನ ಬೆಟ್ಟ ಕೃತಕವಾದದ್ದು. ಅದರ ಭಾರ ಗುಡಿಯ ಮೇಲೆ ಬೀಳದಂತೆ ಒಳಗೆ ಕಾಂಕ್ರೀಟ್ ಗುಮ್ಮಟವಿದೆ. ದಿಕ್ಕನ್ನು ಹಾಗೆಯೇ ಉಳಿಸಿಕೊಂಡದ್ದರಿಂದ ಫೆಬ್ರವರಿ 22 ಮತ್ತು ಅಕ್ಟೋಬರ್ 22ರ ಸೂರ್ಯೋದಯದಲ್ಲಿ ಬೆಳಕು ಒಳಗಿನ ಮೂರ್ತಿಗಳನ್ನು ತಲುಪುತ್ತದೆ. ನಾಲ್ಕರಲ್ಲಿ ಪ್ತಾ ದೇವರೊಬ್ಬನನ್ನು ಬಿಟ್ಟು. ಮೊದಲಿದ್ದ ಜಾಗದಲ್ಲಿ ಇದು ಒಂದು ದಿನದ ವ್ಯತ್ಯಾಸದಲ್ಲಿ ಆಗುತ್ತಿತ್ತು ಎನ್ನುತ್ತಾರೆ. ಆ ದಿನಗಳು ಗುಡಿ ಕಟ್ಟಿಸಿದ ಅರಸ ಎರಡನೆಯ ರಾಮ್‌ಸೆಸ್‌ನ ಹುಟ್ಟುಹಬ್ಬ ಮತ್ತು ಪಟ್ಟಾಭಿಷೇಕದ ದಿನ ಎಂದು ಮಾರ್ಗದರ್ಶಿಗಳು ಹೇಳುವುದುಂಟು. ಅದಕ್ಕೆ ಶಾಸನದ ಆಧಾರವಿಲ್ಲ. ನೋಡಲು ಹೋಗುವವರು ಸೂರ್ಯೋದಯಕ್ಕೆ ಗಂಟೆಗಟ್ಟಲೆ ಮೊದಲೇ ಸಾಲಿನಲ್ಲಿರಬೇಕು, ಬೆಳಕು ಒಳಗೆ ನಿಲ್ಲುವುದು ಸುಮಾರು ಇಪ್ಪತ್ತು ನಿಮಿಷ ಮಾತ್ರ.